ಮೊಸರನ್ನದ ಡಬ್ಬಿ ಇಳಿದ ಊರು

ವಿಯೆನ್ನಾಕ್ಕೆ ಹೋಗುವ ರೈಲಿನಿಂದ
15 ಜೂನ್ 2003, ಭಾನುವಾರ

ಅನು,

ಮೊದಲು ಇಷ್ಟು ಓದಿಕೊಂಡು ಉಸಿರು ಬಿಡು: ನಾನು ಚೆನ್ನಾಗಿದ್ದೇನೆ, ಕೈಕಾಲು ನೆಟ್ಟಗಿವೆ, ಪಾಸ್‌ಪೋರ್ಟು ಸೊಂಟದ ಚೀಲದಲ್ಲಿದೆ. ಈಗ ಕೇಳು. ನಿಮ್ಮಮ್ಮ ನಿನ್ನೆ ಕಳೆದುಹೋಗಿದ್ದಳು!

ನೀನೂ ನಿಮ್ಮಣ್ಣ ಭಾಸ್ಕರನೂ ಸೇರಿ ನನ್ನನ್ನು ಹತ್ತಿಸಿ ಕಳಿಸಿದ ಈ ಟೂರಿನಲ್ಲಿ ಎಲ್ಲರೂ ಟೆಕ್ಸಸ್ಸಿನ ಕನ್ನಡದವರೇ, ಎಲ್ಲರೂ ನನ್ನ ವಯಸ್ಸಿನವರೇ. ನಿನ್ನೆ ಮ್ಯೂನಿಕ್ಕಿನಲ್ಲಿ ರೈಲು ಹತ್ತಿದೆವು. ಊಟದ ಹೊತ್ತಿಗೆ ಎದುರು ಸೀಟಿನ ಹುಡುಗ ಒಂದು ಪೊಟ್ಟಣ ಬಿಚ್ಚಿದ. ಒಳಗೆ ನನ್ನ ಮುಂಗೈ ಗಾತ್ರದ ಮಾಂಸದ ಕಡುಬು. ಹ್ಯೂಸ್ಟನ್ನಿನ ರಾಮಮೂರ್ತಿಗಳು ನನ್ನ ಪಕ್ಕದಲ್ಲಿದ್ದರು. ವಿದ್ಯುತ್ ಮಂಡಳಿಯಲ್ಲಿ ರಿಟೈರಾದವರು, ಮಗನ ಮನೆಯಲ್ಲಿದ್ದಾರೆ, ಹೆಂಡತಿ ಹೋಗಿ ಆರು ವರ್ಷವಾಯಿತಂತೆ. ಪಾಪ, ಎಲೆಯ ಸುತ್ತ ನೀರು ಕಟ್ಟದೆ, ಮಂತ್ರ ಹೇಳದೆ ತುತ್ತು ಎತ್ತುವವರಲ್ಲ. ಆ ಹುಡುಗನ ಮುಂದೆ ಮಂತ್ರ ಹೇಳಲು ಅವರಿಗೆ ಸಂಕೋಚ. ಚಿತ್ರಾನ್ನದ ಪೊಟ್ಟಣ ಹಿಡಿದು, ಖಾಲಿ ಬೋಗಿ ಹುಡುಕಿಕೊಂಡು ಮುಂದಕ್ಕೆ ನಡೆದೇಬಿಟ್ಟರು. ಎಲ್ಲರ ಮೊಸರನ್ನದ ಡಬ್ಬಿ ಇದ್ದದ್ದು ನನ್ನ ಹತ್ತಿರ. ಸಕ್ಕರೆ ಕಾಯಿಲೆಯ ಮನುಷ್ಯ ಬರೀ ಚಿತ್ರಾನ್ನ ತಿಂದು ಎದ್ದರೆ ಹೇಗೆ ಅಂತ ನಾನೂ ಡಬ್ಬಿ ಹಿಡಿದು ಹಿಂದೆಯೇ ಹೋದೆ. ನಾಲ್ಕು ಬೋಗಿ ದಾಟಿದ ಮೇಲೆ ಸಿಕ್ಕರು. ಬಡಿಸಿದೆ. ಅಲ್ಲೇ ಕೂತು ನಾನೂ ತಿಂದೆ. ನಡುವೆ ಯಾವುದೋ ಜಂಕ್ಷನ್ನಿನಲ್ಲಿ ರೈಲು ನಿಂತಿತು, ಜರ್ಮನ್ ಭಾಷೆಯಲ್ಲಿ ಏನೋ ಹೇಳಿದರು, ಸ್ವಲ್ಪ ಕುಲುಕಾಡಿತು, ಹೊರಟಿತು.

ಸ್ವಲ್ಪ ಹೊತ್ತಿಗೆ ಬಿಸಿಲು ನನ್ನ ಎಡಗೆನ್ನೆಗೆ ಬೀಳುತ್ತಿತ್ತು. ಅದುವರೆಗೂ ಬಲಗೆನ್ನೆಗೆ ಬೀಳುತ್ತಿತ್ತು! ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವಳು ನಾನು. "ರಾಮಮೂರ್ತಿಗಳೇ, ಸೂರ್ಯ ಜಾಗ ಬದಲಾಯಿಸಿದಾನೆ" ಅಂದೆ. ಅವರು ಮೊಸರನ್ನದಿಂದ ತಲೆ ಎತ್ತದೆ "ಅವನ ಕೆಲಸಾನೇ ಅದಲ್ವಾ ಟೀಚರ್" ಅಂದರು.

ಜಂಕ್ಷನ್ನಿನಲ್ಲಿ ರೈಲನ್ನು ಎರಡು ಮಾಡಿದ್ದರು ಕಣೆ. ಹಿಂದಿನ ಅರ್ಧ ನಮ್ಮವರನ್ನು ಹೊತ್ತು ವಿಯೆನ್ನಾಕ್ಕೆ ಹೋಯಿತು. ಮುಂದಿನ ಅರ್ಧ ಮೊಸರನ್ನವನ್ನು ಹೊತ್ತು ಬೇರೆ ಕಡೆ ಹೋಯಿತು. ಗೊತ್ತಾಗಿ ನಾವು ಇಳಿದದ್ದು ಒಂದು ಹಳೆಯ ಊರಿನಲ್ಲಿ. ಹೆಸರು ಬರೆಯಲು ಅರ್ಧ ಸಾಲು ಬೇಕು, ಹೇಳಲು ನನ್ನ ನಾಲಿಗೆಗೆ ಆಗುವುದಿಲ್ಲ. ಹಳಿ ರಿಪೇರಿ, ಇವತ್ತು ಮಧ್ಯಾಹ್ನದವರೆಗೆ ಅತ್ತ ಹೋಗುವ ರೈಲಿಲ್ಲ ಅಂದರು. ಸ್ಟೇಷನ್ನಿನ ಹೆಂಗಸು ಫೋನ್ ಮಾಡಿ ನಮ್ಮ ಟೂರಿನವರಿಗೆ ವಿಷಯ ಮುಟ್ಟಿಸಿದಳು.

ಅನು, ನಾನು ಹೆದರಲಿಲ್ಲ. ಇದನ್ನು ಹೇಳುವುದಕ್ಕೇ ಬರೆಯುತ್ತಿದ್ದೇನೆ. ಕಲ್ಲು ಹಾಸಿದ ಬೀದಿಗಳು, ಕೋಟೆಯ ಬಾಗಿಲು, ಒಂದೇ ಮುಳ್ಳಿರುವ ಗಡಿಯಾರದ ಗೋಪುರ. ಬೆಳಿಗ್ಗೆ ಎದ್ದು ಒಬ್ಬಳೇ ಬೀದಿಯ ತುದಿಯವರೆಗೆ ನಡೆದೆ. ಮನೆಗಳು ಮುಗಿದವು, ಎದುರಿಗೆ ಡ್ಯಾನ್ಯೂಬ್! ಎಷ್ಟು ಮಕ್ಕಳ ಕೈಯಲ್ಲಿ ಆ ನದಿಯನ್ನು ನೀಲಿ ಪೆನ್ಸಿಲ್ಲಿನಲ್ಲಿ ಬರೆಸಿದ್ದೇನೆ, ತಪ್ಪಾಗಿ ತಿರುಗಿಸಿದವರ ಕಿವಿ ಹಿಂಡಿದ್ದೇನೆ. ಅದು ನೀಲಿಯೇ ಅಲ್ಲ, ನಮ್ಮ ಕಾವೇರಿ ಮಳೆಗಾಲದಲ್ಲಿ ಇರುತ್ತದಲ್ಲ, ಆ ಬಣ್ಣ. ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತೆ. ಮೈಸೂರಿನ ಸರ್ಕಾರಿ ಶಾಲೆಯ ವಿದ್ಯಾವತಿ ಟೀಚರ್ ಡ್ಯಾನ್ಯೂಬಿನಲ್ಲಿ ಕಾಲು ತೊಳೆದಳು ಅಂತ ಯಾರಿಗಾದರೂ ಕೂಗಿ ಹೇಳಬೇಕು ಅನ್ನಿಸಿತು. ಯಾರೂ ಇರಲಿಲ್ಲ. ನಿನಗೆ ಹೇಳುತ್ತಿದ್ದೇನೆ.

ರೈಲು ಅಲ್ಲಾಡಿ ಅಕ್ಷರ ಸೊಟ್ಟಗಾಗಿದೆ, ಬೈಯಬೇಡ.

ಬಹಳ ಖುಷಿಯಲ್ಲಿರುವ
ನಿನ್ನ ಅಮ್ಮ


ಆಸ್ಟಿನ್
12 ಜುಲೈ 2003

ಅಮ್ಮಾ,

ಮೊನ್ನೆ ಫೋನಿನಲ್ಲಿ ನಾನು ಕೂಗಿದೆ, ನೀನು ಇಟ್ಟುಬಿಟ್ಟೆ. ಆಮೇಲೆ ನಾಲ್ಕು ಸಲ ಮಾಡಿದೆ. ಪ್ರತಿ ಸಲವೂ ಅಣ್ಣನ ಮಗಳು ಪ್ರಗತಿಯೇ ಎತ್ತಿಕೊಂಡು "ಅಜ್ಜಿ ಈಸ್ ವಾಟರಿಂಗ್ ದಿ ಪ್ಲಾಂಟ್ಸ್" ಅಂದಳು. ನೂರು ಡಿಗ್ರಿ ಬಿಸಿಲಿನಲ್ಲಿ ನಡುಮಧ್ಯಾಹ್ನ ಯಾರೂ ಗಿಡಕ್ಕೆ ನೀರು ಹಾಕುವುದಿಲ್ಲ. ಅದಕ್ಕೇ ಕಾಗದ.

ನಿನ್ನ ರೈಲಿನ ಪತ್ರ ಬಂದಾಗ ನಾನು ಅದನ್ನು ಆಫೀಸಿಗೆ ತೆಗೆದುಕೊಂಡು ಹೋಗಿ ಊಟದ ಹೊತ್ತಿನಲ್ಲಿ ಮೂರು ಸಲ ಓದಿದ್ದೆ. ಆ ಖುಷಿ ಒಂದು ವಾರ ಇತ್ತು. ಆಮೇಲೆ ನಿಮ್ಮ ಟೂರಿನಲ್ಲಿದ್ದ ವಸಂತಾ ಆಂಟಿ ಇಲ್ಲಿನ ನನ್ನ ಗೆಳತಿ ರಮಾಗೆ ಫೋನ್ ಮಾಡಿದ್ದಾರೆ, ರಮಾ ನನಗೆ ಮಾಡಿದಳು. ನಿಮ್ಮ ಕನ್ನಡ ಸಂಘದ ಅಧ್ಯಕ್ಷರ ಹೆಂಡತಿಯಾಗಿ ಆಂಟಿ ಏನು ಹೇಳುತ್ತಿದ್ದಾರೆ ಗೊತ್ತಾ? "ವಿದ್ಯಾವತಿಯವರು ಬಡಿಸೋಕೆ ಅಂತ ಹೋದ್ರು, ಮಾರನೇ ದಿನ ಬಂದ್ರು." ವಿಯೆನ್ನಾದಲ್ಲಿ ನೀವಿಬ್ಬರೂ ನಗುತ್ತಾ ಇಳಿದಿರಂತೆ. ನಿನ್ನ ಮೊಸರನ್ನದ ಡಬ್ಬಿ ಅವರ ಕೈಯಲ್ಲಿತ್ತಂತೆ. "ರಾತ್ರಿ ಎಲ್ಲಿ ಮಲಗಿದ್ರಿ" ಅಂತ ಆಂಟಿ ಕೇಳಿದ್ದಕ್ಕೆ ನೀನು "ಹಾಸಿಗೆ ಮೇಲೆ" ಅಂದೆಯಂತೆ!

ಅಮ್ಮ, ನಾನು ನಿನ್ನನ್ನು ನಂಬುತ್ತೇನೆ. ಆ ಮಾತೇ ಬೇಡ. ಆದರೆ ಜನರ ಬಾಯಿ ಮುಚ್ಚಿಸಬೇಕಲ್ಲ. "ಎರಡು ರೂಮು" ಅಂತ ನನಗೆ ಎರಡು ಪದ ಬರೆದುಕೊಡು ಸಾಕು, ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ. ಅಣ್ಣನೂ ಪಾಪ ಪಾರ್ಟಿಗಳಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದಾನಂತೆ. ನಿನ್ನ ಭಾನುವಾರದ ಕನ್ನಡ ಕ್ಲಾಸಿನಿಂದ ಮಕ್ಕಳನ್ನು ಬಿಡಿಸುತ್ತಿದ್ದಾರೆ ಅಂತಲೂ ಕೇಳಿದೆ. ನಿಜವೇ? ಆ ಕ್ಲಾಸಿಗಾಗಿ ನೀನು ಎಷ್ಟು ಕಷ್ಟಪಟ್ಟಿದ್ದೀಯ ನನಗೆ ಗೊತ್ತು. ಎರಡು ಪದಕ್ಕೆ ಅದನ್ನು ಕಳೆದುಕೊಳ್ಳಬೇಡ.

ಎಷ್ಟು ರೂಮು ಅಮ್ಮ?

ಅನನ್ಯಾ


ಯೂಲೆಸ್
21 ಜುಲೈ 2003

ಅನನ್ಯಾ,

ನಿನ್ನ ಪತ್ರ ಬಂತು. ನಿಜವೇ ಅಂತ ಕೇಳಿದ್ದೀಯಲ್ಲ, ನಿಜ. ಲೈಬ್ರರಿಯ ಮೀಟಿಂಗ್ ರೂಮಿನಲ್ಲಿ ಕುರ್ಚಿ ಸಾಲದೆ ಮಕ್ಕಳು ನೆಲದ ಮೇಲೆ ಕೂರುತ್ತಿದ್ದರು. ಟೂರಿನಿಂದ ಬಂದ ಮೊದಲ ಭಾನುವಾರ ಅರ್ಧ ಜನ ಬಂದರು. ಎರಡನೆಯ ವಾರ ಒಬ್ಬರ ಮಗುವಿಗೆ ಈಜು, ಇನ್ನೊಬ್ಬರ ಮಗುವಿಗೆ ಕರಾಟೆ. ಈಗ ನಿಮ್ಮಣ್ಣನ ಮಗಳು ಪ್ರಗತಿ ಒಬ್ಬಳೇ. ಮೊನ್ನೆ ಸುತ್ತ ನೋಡಿ "ಅಜ್ಜಿ, ಐ ಆಮ್ ದಿ ಹೋಲ್ ಕ್ಲಾಸ್" ಅಂದಳು. ಹಾಜರಿ ಕೂಗಿದೆ. "ಪ್ರಗತಿ?" ಅಂದೆ, ಎದ್ದು ನಿಂತು "ಬಂದಿದೀನಿ ಟೀಚರ್" ಅಂದಳು. ಅಷ್ಟೂ ಹೊತ್ತು ಪಾಠ ಮಾಡಿದೆ. ಒಬ್ಬಳಿಗೂ ಬೋರ್ಡಿನ ತುಂಬ ಬರೆದೆ.

ವಸಂತಾ ಮನೆಗೇ ಬಂದಿದ್ದರು. "ಸ್ವಲ್ಪ ದಿನ ರೆಸ್ಟ್ ತಗೊಳಿ ವಿದ್ಯಾವತಿಯವರೇ, ಬೇರೆ ಯಾರಾದ್ರೂ ಕ್ಲಾಸ್ ನೋಡ್ಕೋತಾರೆ" ಅಂದರು. "ನನಗೆ ಸುಸ್ತಾಗಿಲ್ಲವಲ್ಲ" ಅಂದೆ. ಕಾಫಿ ಕೊಟ್ಟೆ, ಚೆನ್ನಾಗಿಯೇ ಮಾಡಿ ಕೊಟ್ಟೆ. ಭಾಸ್ಕರ ಅವರು ಹೋದ ಮೇಲೆ "ಅಮ್ಮ, ಸುಮ್ನೆ ಹೇಳಿಬಿಡಮ್ಮ, ಮುಗಿದುಹೋಗತ್ತೆ" ಅಂತ ಗೊಣಗಿದ. ಅವನಿಗೂ ಕಾಫಿ ಕೊಟ್ಟೆ.

ಈಗ ನಿನ್ನ ಎರಡು ಪದದ ವಿಷಯ.

ಬರೆದುಕೊಡುವುದಿಲ್ಲ.

ಕೋಪದಲ್ಲಿ ಹೇಳುತ್ತಿಲ್ಲ, ಯೋಚನೆ ಮಾಡಿಯೇ ಹೇಳುತ್ತಿದ್ದೇನೆ. ಐವತ್ತೊಂಬತ್ತು ವರ್ಷ ಬದುಕಿದ್ದೇನೆ. ನಿಮ್ಮಪ್ಪ ಹೋದಾಗ ನೀನು ಏಳನೇ ಕ್ಲಾಸು, ಭಾಸ್ಕರ ಹತ್ತನೇ ಕ್ಲಾಸು. ಇಬ್ಬರನ್ನೂ ದಡ ಮುಟ್ಟಿಸಿದ್ದೇನೆ. ಅಷ್ಟು ವರ್ಷದ ನಡತೆ ಒಂದು ತಟ್ಟೆಯಲ್ಲಿದ್ದರೆ, ಇನ್ನೊಂದು ತಟ್ಟೆಯಲ್ಲಿ ಒಂದು ರಾತ್ರಿ ಇಟ್ಟು ತೂಗುತ್ತಾರಂತೆ. ತೂಗಲಿ. ತಕ್ಕಡಿ ಅವರದ್ದು. ಅದರ ಮೇಲೆ ಹತ್ತಿ ಕೂರುವ ದರ್ದು ನನಗಿಲ್ಲ. ಇವತ್ತು ಎಷ್ಟು ರೂಮು ಅಂತ ಹೇಳಿದರೆ ನಾಳೆ ಬಾಗಿಲಿಗೆ ಚಿಲಕ ಇತ್ತಾ ಅಂತ ಕೇಳುತ್ತಾರೆ.

ನಂಬುತ್ತೇನೆ ಅಂತ ಬರೆದಿದ್ದೀಯ. ಅದೇ ಪತ್ರದ ಕೊನೆಯ ಸಾಲಿನಲ್ಲಿ ಎಷ್ಟು ರೂಮು ಅಂತ ಕೇಳಿದ್ದೀಯ. ವಸಂತಾ ಕೇಳಿದಾಗ ನನಗೆ ನಗು ಬಂತು. ನೀನು ಕೇಳಿದಾಗ ನೋವಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಬಿಸಿಲು ಜಾಸ್ತಿ, ನೀರು ಚೆನ್ನಾಗಿ ಕುಡಿ.

ಅಮ್ಮ


ಹ್ಯೂಸ್ಟನ್
2 ಸೆಪ್ಟೆಂಬರ್ 2003

ವಿದ್ಯಾವತಿ ಟೀಚರ್ ಅವರಿಗೆ ರಾಮಮೂರ್ತಿಯ ನಮಸ್ಕಾರ.

ನಿಮ್ಮ ಡಲ್ಲಾಸ್ ಕಡೆಯ ಗಾಳಿ ಹ್ಯೂಸ್ಟನ್ನಿಗೂ ಬೀಸಿದೆ. ಮೊನ್ನೆ ಗೌರಿ ಹಬ್ಬಕ್ಕೆ ದೇವಸ್ಥಾನಕ್ಕೆ ಹೋಗಿದ್ದಾಗ ಇಬ್ಬರು ನನ್ನನ್ನು ನೋಡಿ "ಮೊಸರನ್ನ ಆಯ್ತಾ ಸಾರ್" ಅಂದರು. ನನ್ನ ಮಗ ಅಖಿಲ್ ಏನೂ ಕೇಳುವುದಿಲ್ಲ, ಆದರೆ ನಾನು ಕೋಣೆಗೆ ಹೋದರೆ ಮಾತು ನಿಲ್ಲಿಸುತ್ತಾನೆ. ನನ್ನದು ಹಾಗಿರಲಿ, ಗಂಡಸರನ್ನು ಜನ ಎರಡು ದಿನ ಆಡಿಕೊಂಡು ಬಿಡುತ್ತಾರೆ. ನಿಮ್ಮ ಕ್ಲಾಸು ಖಾಲಿಯಾಗಿದೆ ಅಂತ ಕೇಳಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ. ಎಲ್ಲಕ್ಕೂ ಮೂಲ ನಾನೇ. ಆ ಹುಡುಗನ ಎದುರಿಗೇ ನೀರು ಕಟ್ಟಿಕೊಂಡು ಉಂಡಿದ್ದರೆ ಏನೂ ಆಗುತ್ತಿರಲಿಲ್ಲ. ಅವನು ತನ್ನ ಊಟ ತಾನು ಮಾಡುತ್ತಿದ್ದ, ಪಾಪ.

ವಿಯೆನ್ನಾದ ಪ್ಲಾಟ್‌ಫಾರ್ಮಿನಲ್ಲಿ "ಇವರಿಗೆ ಏನನ್ನೂ ವಿವರಿಸಬೇಡಿ, ನನ್ನಾಣೆ" ಅಂತ ನೀವು ಹೇಳಿದಿರಿ. ಆಯಿತು ಅಂದೆ. ಆದರೆ ಆ ಫೋಟೋ ಪೆಟ್ಟಿಗೆಯಲ್ಲಿ ಇದೆಯಲ್ಲ ಟೀಚರ್. ಅದೊಂದನ್ನು ತೋರಿಸಿದರೆ ಎಲ್ಲರ ಬಾಯಿಗೂ ಬೀಗ ಬೀಳುತ್ತದೆ. ಅದೂ ಅಲ್ಲದೆ, ನಿಜ ಹೇಳಲಾ, ಅರವತ್ತಾರು ವರ್ಷದಲ್ಲಿ ನನಗೆ ಅಂಥದ್ದೊಂದು ನಡೆದದ್ದು ಅವತ್ತೇ. ಯಾರಿಗೂ ಹೇಳದೆ ಹೊಟ್ಟೆ ಉಬ್ಬುತ್ತಿದೆ. ಮೊಮ್ಮಗನಿಗಾದರೂ ಹೇಳೋಣ ಅಂದರೆ, ಅವನು ಸ್ಕೂಲಿಗೆಲ್ಲ ಡಂಗುರ ಹೊಡೆಯುತ್ತಾನೆ.

ನೀವು ಹೂಂ ಅಂದರೆ ಸಾಕು. ಮುಂದಿನ ಬಸ್ಸಿಗೇ ಡಲ್ಲಾಸಿಗೆ ಬಂದು ಸಂಘದ ಸಭೆಯಲ್ಲಿ ನಿಂತು ಹೇಳಿಬಿಡುತ್ತೇನೆ.

ನಿಮ್ಮ ಉತ್ತರಕ್ಕೆ ಕಾದಿರುವ
ರಾಮಮೂರ್ತಿ


ಯೂಲೆಸ್
6 ಸೆಪ್ಟೆಂಬರ್ 2003

ರಾಮಮೂರ್ತಿಗಳಿಗೆ ನಮಸ್ಕಾರ.

ಹೂಂ ಅನ್ನುವುದಿಲ್ಲ. ಬಸ್ಸು ಹತ್ತಬೇಡಿ.

ನೀವು ಒಳ್ಳೆಯವರು. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತೇನೆ. ಫೋಟೋ ತೋರಿಸಿದರೆ ಅವರು ನಂಬುತ್ತಾರೆ, ನಿಜ. ಆದರೆ ಅವರು ನಂಬುವುದು ಫೋಟೋವನ್ನು, ನನ್ನನ್ನಲ್ಲ. ಮುಂದೆ ಇನ್ನೊಬ್ಬ ಹೆಂಗಸು ಎಲ್ಲೋ ರೈಲು ತಪ್ಪಿಸಿಕೊಂಡರೆ ಅವಳ ಹತ್ತಿರ ಫೋಟೋ ಇರುವುದಿಲ್ಲ. ಅವಳೇನು ಮಾಡಬೇಕು?

ನಿಮ್ಮ ಹೊಟ್ಟೆಯುಬ್ಬರ ನನಗೆ ಅರ್ಥವಾಗುತ್ತದೆ. ನನಗೂ ಇದೆ. ಸ್ವಲ್ಪ ತಡೆಯಿರಿ. ಯಾವತ್ತಾದರೂ ಒಂದು ದಿನ ನಾನೇ ಹೇಳಿ ಅನ್ನುತ್ತೇನೆ. ಯಾವತ್ತು ಅಂತ ನನಗೂ ಗೊತ್ತಿಲ್ಲ.

ಕ್ಲಾಸಿಗೆ ಮೊನ್ನೆಯಿಂದ ಇಬ್ಬರು. ಹೊಸದಾಗಿ ರಿಚರ್ಡ್‌ಸನ್ ಊರಿಗೆ ಬಂದವರ ಮಗಳು, ಅವರಿಗೆ ಇನ್ನೂ ಯಾರೂ ಕಥೆ ಹೇಳಿಲ್ಲ ಅಂತ ಕಾಣುತ್ತದೆ. ಪ್ರಗತಿಗೆ ಜಂಬ ಬಂದಿದೆ, "ಐ ಆಮ್ ಸೀನಿಯರ್" ಅನ್ನುತ್ತಾಳೆ. ಸಕ್ಕರೆ ಮಾತ್ರೆ ಮರೆಯಬೇಡಿ.

ವಿದ್ಯಾವತಿ


ಆಸ್ಟಿನ್
19 ಅಕ್ಟೋಬರ್ 2003

ಅಮ್ಮಾ,

ಮೂರು ತಿಂಗಳು ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಭಾನುವಾರ ಫೋನು ಮಾಡಿದಾಗ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು. ಆಸ್ಟಿನ್‌ನಲ್ಲೂ ಬಿಸಿಲು, ಯೂಲೆಸ್‌ನಲ್ಲೂ ಬಿಸಿಲು.

ಮೊದಲು ನನಗೆ ಸಿಟ್ಟೇ ಇತ್ತು. ಇಷ್ಟು ಹಟ ಯಾಕೆ, ಮಗಳಿಗೂ ಹೇಳಬಾರದಾ ಅಂತ. ಹೋದ ವಾರ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಇದ್ದಕ್ಕಿದ್ದಂತೆ ತಲಕಾಡಿನ ಟ್ರಿಪ್ಪು ನೆನಪಾಯಿತು. ನಿನಗೆ ನೆನಪಿದೆಯಾ? ನಾನು ಸೆಕೆಂಡ್ ಪಿಯುಸಿ. ವಾಪಸ್ಸು ಬರುವಾಗ ಬಸ್ಸು ಕೆಟ್ಟಿತು, ಯಾರ ಮನೆಯಲ್ಲೂ ಫೋನಿರಲಿಲ್ಲ, ಹುಡುಗರು ಹುಡುಗಿಯರು ಎಲ್ಲ ಒಂದು ಕಬ್ಬಿನ ಲಾರಿ ಹತ್ತಿ ಬೆಳಿಗ್ಗೆ ಮೈಸೂರು ಸೇರಿದೆವು. ನಾನು ಬೀದಿ ತಿರುಗುವಾಗ ಎದುರುಮನೆ ವಿಜಯಮ್ಮನವರು ಗೇಟಿನಲ್ಲೇ ನಿಂತಿದ್ದರು. ಎಲ್ಲಿದ್ದೆ, ಯಾರ ಜೊತೆ ಬಂದೆ ಅಂತ ಶುರು ಮಾಡಿದರು. ನೀನು ಏನು ಕೇಳುತ್ತೀಯೋ ಅಂತ ದಾರಿಯುದ್ದಕ್ಕೂ ಉತ್ತರ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

ನೀನು ಆಚೆ ಬಂದೆ. ಕಣ್ಣು ಕೆಂಪಗಿತ್ತು, ನಿದ್ದೆ ಮಾಡಿರಲಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದೆ. "ಹೊಟ್ಟೆಗೆ ಏನಾದ್ರೂ ಬಿತ್ತಾ?" ಅಂತ ಕೇಳಿದೆ. ಅಷ್ಟೇ ಅಮ್ಮ. ವಿಜಯಮ್ಮನವರ ಕಡೆ ತಿರುಗಿ "ನನ್ನ ಮಗಳು ಮನೆಗೆ ಬಂದಳಲ್ಲ, ಸಾಕು ನನಗೆ" ಅಂದು ಗೇಟು ಹಾಕಿದೆ. ಒಳಗೆ ಬಿಸಿ ಉಪ್ಪಿಟ್ಟು ಹಾಕಿಕೊಟ್ಟೆ. ಆಮೇಲೂ ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ. ನಾನು ಬಾಯಿಪಾಠ ಮಾಡಿದ ಉತ್ತರವೆಲ್ಲ ದಂಡವಾಯಿತು.

ರವೆ ಸೀದುಹೋಯಿತು. ಒಲೆ ಆರಿಸಿ ಅಲ್ಲೇ ನಿಂತು ಅತ್ತೆ.

ನನಗೆ ಈಗ ಏನೂ ಬೇಡ ಅಮ್ಮ. ಒಂದೇ ಪ್ರಶ್ನೆ ಇದೆ, ಜೂನ್ ತಿಂಗಳಲ್ಲೇ ಕೇಳಬೇಕಾಗಿದ್ದದ್ದು. ಆ ಊರಿನಲ್ಲಿ ನಿನ್ನ ಹೊಟ್ಟೆಗೆ ಏನಾದರೂ ಬಿತ್ತಾ?

ನವೆಂಬರ್ ಎಂಟಕ್ಕೆ ಅಲ್ಲಿ ರಾಜ್ಯೋತ್ಸವ ಇದೆಯಂತಲ್ಲ. ನಿನ್ನ ಮಕ್ಕಳ ಕಾರ್ಯಕ್ರಮ ಇಟ್ಟುಕೊಂಡಿದ್ದೀಯಂತೆ. ಡ್ರೈವ್ ಮಾಡಿಕೊಂಡು ಬರುತ್ತೇನೆ. ದಾರಿಯಲ್ಲಿ ವೆಸ್ಟ್ ಅನ್ನುವ ಊರಿನಲ್ಲಿ ನಿಲ್ಲಿಸಿ ನಿನಗಿಷ್ಟವಾದ ಹಣ್ಣಿನ ಬನ್ನು ತರುತ್ತೇನೆ.

ನಿನ್ನ
ಅನು


ಯೂಲೆಸ್
25 ಅಕ್ಟೋಬರ್ 2003

ಅನು,

ಬಿತ್ತು ಕಣೆ, ಚೆನ್ನಾಗಿಯೇ ಬಿತ್ತು. ಬಿಸಿ ಬಿಸಿ ಬ್ರೆಡ್ಡು, ಆಲೂಗಡ್ಡೆ ಸೂಪು, ಒಂದು ಬೋಗುಣಿ ತುಂಬ ಚೆರಿ ಹಣ್ಣು. ಜೊತೆಗೆ ನಮ್ಮದೇ ಉಳಿದ ಮೊಸರನ್ನ. ಅಲ್ಲಿನವರಿಗೂ ಕೊಟ್ಟೆ. ಒಗ್ಗರಣೆಯ ಸಾಸಿವೆಯನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಇಟ್ಟುಕೊಂಡು ತಿಂದರು.

ನಿನ್ನ ಪತ್ರವನ್ನು ಹಿತ್ತಿಲಿಗೆ ಹೋಗಿ ಓದಿದೆ. ಮೇಲೆ ಪಕ್ಕದ ಡಲ್ಲಾಸ್ ಏರ್‌ಪೋರ್ಟಿಗೆ ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಅತ್ತರೂ ಯಾರಿಗೂ ಕೇಳುವುದಿಲ್ಲ, ಯೂಲೆಸ್ಸಿನಲ್ಲಿ ಅದೊಂದು ಅನುಕೂಲ.

ಬಾ. ಪ್ರಗತಿ ಕಾವೇರಿಯ ವೇಷ ಹಾಕುತ್ತಾಳೆ. ನನ್ನ ನೀಲಿ ಸೀರೆಯನ್ನು ಅವಳಿಗೆ ಉಡಿಸಬೇಕು, ಇಸ್ತ್ರಿ ನೀನು ಹಾಕು, ನನಗೆ ಈ ಮನೆಯ ಇಸ್ತ್ರಿಪೆಟ್ಟಿಗೆ ಕಂಡರಾಗದು.

ಅಮ್ಮ


ಯೂಲೆಸ್
10 ನವೆಂಬರ್ 2003

ನನ್ನ ಬಂಗಾರ ಅನು,

ನೀನು ನಿನ್ನೆ ಹೊರಟಾಗ ಹೇಳಬೇಕಾಗಿದ್ದದ್ದು ಬಾಯಿಗೆ ಬರಲಿಲ್ಲ. ಉಪ್ಪಿನಕಾಯಿ ಬಾಟಲಿ ನೆಟ್ಟಗೆ ಇಟ್ಟುಕೋ ಅಂತ ಮೂರು ಸಲ ಹೇಳಿದೆ, ಅದಷ್ಟೇ ಬಂತು. ಆದ್ದರಿಂದ ಬರೆಯುತ್ತೇನೆ.

ಶನಿವಾರ ಪರದೆಯ ಹಿಂದೆ ನಾನಿದ್ದದ್ದು ನಿನಗೆ ಗೊತ್ತಿರಲಿಲ್ಲ. ಕಾವೇರಿಯ ಸೆರಗು ಜಾರುತ್ತಿತ್ತು, ಬಾಯಿಯಲ್ಲಿ ಪಿನ್ನು ಕಚ್ಚಿಕೊಂಡು ನಿಂತಿದ್ದೆ. ಆಚೆಗೇ ಕಾಫಿಯ ಮೇಜು. ವಸಂತಾ ನಿನ್ನನ್ನು ಹಿಡಿದರು. ಅವರ ಸಕ್ಕರೆಯ ದನಿ ಕೇಳಿಸಿತು. "ಅನನ್ಯಾ, ನೀನಾದ್ರೂ ಅಮ್ಮನ್ನ ಕೇಳಿದ್ಯಾ? ನಮಗೇನಿಲ್ಲಮ್ಮ, ಜನ ಮಾತಾಡ್ತಾರೆ ಅಷ್ಟೆ."

ನೀನು "ಕೇಳ್ದೆ ಆಂಟಿ" ಅಂದೆ.

ನನಗೆ ಭಯವಾಯಿತು ಅನು, ಸುಳ್ಳು ಹೇಳುವುದಿಲ್ಲ. ಎರಡು ರೂಮು ಅಂತ ನೀನೇ ಕಟ್ಟಿ ಹೇಳಿಬಿಡುತ್ತೀಯೇನೋ, ನನ್ನನ್ನು ಕಾಪಾಡಲು ಹೋಗಿ ನಾನು ಐದು ತಿಂಗಳು ಹಿಡಿದುಕೊಂಡದ್ದನ್ನು ಕೈಬಿಡಿಸುತ್ತೀಯೇನೋ ಅಂತ.

"'ಹೊಟ್ಟೆಗೆ ಏನಾದ್ರೂ ಬಿತ್ತಾ ಅಮ್ಮ' ಅಂತ ಕೇಳ್ದೆ. ಬ್ರೆಡ್ಡು, ಸೂಪು, ಚೆರಿ ಹಣ್ಣು ತಿಂದ್ರಂತೆ. ಡ್ಯಾನ್ಯೂಬ್ ನದೀಲಿ ಕಾಲು ತೊಳ್ಕೊಂಡ್ರಂತೆ. ನಮ್ಮನೇಲಿ ದೂರದಿಂದ ಬಂದವರನ್ನ ಕೇಳೋದು ಅಷ್ಟೇ ಆಂಟಿ. ನಿಮಗೆ ಇನ್ನೂ ಏನಾದ್ರೂ ಬೇಕಿತ್ತಾ?"

ಬಾಯಲ್ಲಿದ್ದ ಪಿನ್ನು ಕೆಳಗೆ ಬಿತ್ತು. ಪ್ರಗತಿ ನನ್ನ ಮುಖ ನೋಡಿ "ಅಜ್ಜಿ, ವೈ ಆರ್ ಯೂ ಸ್ಮೈಲಿಂಗ್?" ಅಂದಳು. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಮಗಳು ಎಂಜಿನಿಯರ್ ಆದಾಗ, ಅಮೆರಿಕಾಕ್ಕೆ ಹೊರಟಾಗ, ಎಲ್ಲರೂ "ನಿಮಗೆ ಹೆಮ್ಮೆ ಅಲ್ವಾ" ಅಂದಿದ್ದರು. ಹೌದು ಅಂದಿದ್ದೆ. ಆದರೆ ಹೆಮ್ಮೆ ಅಂದರೆ ಏನು ಅಂತ ಗೊತ್ತಾದದ್ದು ಶನಿವಾರ.

ಆಮೇಲೆ ನಡೆದದ್ದನ್ನು ನೀನೂ ನೋಡಿದೆ. ಇಬ್ಬರೇ ಮಕ್ಕಳು ಅಷ್ಟು ದೊಡ್ಡ ವೇದಿಕೆಯ ಮೇಲೆ ಕಾವೇರಿ, ಕಬಿನಿ ಆಗಿ ಹರಿದರು. ಪ್ರಗತಿ ಕನ್ನಡದಲ್ಲಿ, ಪೂರಾ ಕನ್ನಡದಲ್ಲಿ, "ನಾನು ಕೊಡಗಿನಲ್ಲಿ ಹುಟ್ಟಿದೆ, ಯಾರು ತಡೆದರೂ ನಿಲ್ಲಲಿಲ್ಲ" ಅಂದಾಗ ಭಾಸ್ಕರ ಎದ್ದು ನಿಂತು ಚಪ್ಪಾಳೆ ಹೊಡೆದ. ಅವನು ಸಭೆಯಲ್ಲಿ ತಲೆ ಎತ್ತಿದ್ದನ್ನು ನೋಡಿ ಬಹಳ ದಿನವಾಗಿತ್ತು. ಇವತ್ತು ಬೆಳಿಗ್ಗೆ ವಸಂತಾ ಫೋನ್ ಮಾಡಿದರು. ದನಿಯಲ್ಲಿ ಸಕ್ಕರೆ ಇರಲಿಲ್ಲ, ನನಗೆ ಹಾಗೇ ಇಷ್ಟವಾಯಿತು. "ಮೊಮ್ಮಗನ್ನ ಭಾನುವಾರ ಕಳಿಸ್ಲಾ? ಕ್ಲಾಸ್ ಮತ್ತೆ ಶುರು ಮಾಡ್ತೀರಲ್ಲ?" ಅಂದರು. "ನಿಂತೇ ಇರಲಿಲ್ಲವಲ್ಲ, ಕಳಿಸಿ" ಅಂದೆ. ಇನ್ನೂ ಮೂರು ಮನೆಯವರು ಕೇಳಿದ್ದಾರೆ. ಕುರ್ಚಿ ಹೆಚ್ಚು ಬೇಕು ಅಂತ ಲೈಬ್ರರಿಗೆ ಹೇಳಿಟ್ಟಿದ್ದೇನೆ.

ಯಾರೂ ಉತ್ತರ ಕೇಳಲಿಲ್ಲ ಅನು. ಉತ್ತರ ಸಿಗದೆಯೇ ಬರುತ್ತಿದ್ದಾರೆ. ನನಗೆ ಬೇಕಾಗಿದ್ದದ್ದು ಇದೇ.

ಈಗ ನೀನು ಕೇಳುವುದನ್ನು ಬಿಟ್ಟಿದ್ದೀಯ. ಆದ್ದರಿಂದ ಹೇಳುತ್ತೇನೆ.

ಅವತ್ತು ಆ ಊರಿನಲ್ಲಿ ಯಾರದ್ದೋ ಮದುವೆ, ಇದ್ದ ಒಂದು ಹೋಟೆಲ್ಲು ತುಂಬಿತ್ತು. ಸ್ಟೇಷನ್ನಿನ ಹೆಂಗಸು ನನ್ನನ್ನು ಕರೆದುಕೊಂಡು ಹೋಗಿ ಬಿಟ್ಟದ್ದು ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ. ಗಂಡಸರಿಗೆ ಅದರ ಹೊರಬಾಗಿಲು ದಾಟಲು ಅಪ್ಪಣೆಯಿಲ್ಲ, ಬ್ರೆಡ್ಡಿನವನು ಕೂಡ ಕಿಟಕಿಯಲ್ಲಿ ಕೊಟ್ಟು ಹೋಗುತ್ತಾನೆ. ನನ್ನ ಕೋಣೆಯಲ್ಲಿ ನನ್ನ ಜೊತೆ ಇಬ್ಬರು ಮಲಗಿದ್ದರು, ಇಬ್ಬರೂ ಎಪ್ಪತ್ತು ದಾಟಿದವರು, ಒಬ್ಬರಿಗೆ ವಿಪರೀತ ಗೊರಕೆ. ಮಠದಲ್ಲೇ ಹೆಣ್ಣುಮಕ್ಕಳ ಒಂದು ಶಾಲೆ. ಗೋಡೆಯ ಮೇಲೆ ಪ್ರಪಂಚದ ಭೂಪಟ ಇತ್ತು, ಅದರಲ್ಲಿ ಮೈಸೂರು ಇರಲಿಲ್ಲ. ಪೆನ್ಸಿಲ್ ಕೇಳಿ ಸರಿಯಾದ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ಹೆಸರು ಬರೆದೆ. ಯೂಲೆಸ್ಸೂ ಇರಲಿಲ್ಲ, ಅದಕ್ಕೂ ಒಂದು ಚುಕ್ಕೆ ಇಟ್ಟು ಬಂದೆ.

ರಾಮಮೂರ್ತಿಗಳು ಮಲಗಿದ್ದು ಊರಿನ ಇನ್ನೊಂದು ತುದಿಯಲ್ಲಿ, ಬೆಂಕಿ ಆರಿಸುವವರ ಠಾಣೆಯಲ್ಲಿ! ಆ ಹುಡುಗರು ಅವರಿಗೆ ಮಂಚ ಕೊಟ್ಟು, ಬೆಳಿಗ್ಗೆ ಕೆಂಪು ಲಾರಿಯ ಮೇಲೆ ಕೂರಿಸಿ, ತಲೆಗೆ ಹಿತ್ತಾಳೆಯ ಟೊಪ್ಪಿಗೆ ಹಾಕಿ, ಗಂಟೆ ಬಾರಿಸುತ್ತಾ ಮಠದ ಬಾಗಿಲವರೆಗೂ ತಂದು ಬಿಟ್ಟರು. ಹಣೆಯಲ್ಲಿ ವಿಭೂತಿ, ಮೇಲೆ ಆ ಟೊಪ್ಪಿಗೆ. ವಿಯೆನ್ನಾ ಬರುವವರೆಗೂ ನಾನು ನಕ್ಕದ್ದು ಅದಕ್ಕೇ. ಫೋಟೋ ಅವರ ಪೆಟ್ಟಿಗೆಯಲ್ಲಿದೆ. ಐದು ತಿಂಗಳು ಆ ಸಂತೋಷವನ್ನು ನನಗಾಗಿ ಹೊಟ್ಟೆಯಲ್ಲಿ ಇಟ್ಟುಕೊಂಡರು. ಇವತ್ತೇ ಅವರಿಗೆ ಫೋನ್ ಮಾಡಿ, "ಇನ್ನು ಹೇಳಿ. ಸಂಘದ ಸಭೆಯಲ್ಲಿ ಬೇಡ, ಬಂದು ನನ್ನ ಮಕ್ಕಳಿಗೆ ಕಥೆಯಾಗಿ ಹೇಳಿ" ಅಂದೆ. ಮುಂದಿನ ಭಾನುವಾರ ಬರುತ್ತಾರಂತೆ, ಫೋಟೋ ದೊಡ್ಡದು ಮಾಡಿಸಿಕೊಂಡು.

ಇದನ್ನು ಓದಿ ನಿನಗೆ ನಗು ಬಂದಿದ್ದರೆ ನನಗೆ ಸಂತೋಷ. ಸಮಾಧಾನವೂ ಆಗಿದ್ದರೆ ಇನ್ನೊಂದು ಮಾತು ಕೇಳು.

ಆ ಊರಿನಲ್ಲಿ ಮಠ ಇರಲಿಲ್ಲ, ಠಾಣೆ ಇರಲಿಲ್ಲ, ಇದ್ದದ್ದು ಒಂದೇ ಕೋಣೆ ಅಂತ ಇಟ್ಟುಕೋ. ಸಕ್ಕರೆ ಕಾಯಿಲೆಯ ಆ ಮನುಷ್ಯನನ್ನು ನಾನು ಚಳಿಯಲ್ಲಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿ ಹೋಗುತ್ತಿರಲಿಲ್ಲ. ಒಳಗೆ ಕರೆಯುತ್ತಿದ್ದೆ. ಉಳಿದ ಮೊಸರನ್ನವನ್ನು ಇಬ್ಬರಿಗೂ ಹಂಚುತ್ತಿದ್ದೆ. ಮಾರನೆಯ ದಿನ ವಿಯೆನ್ನಾದಲ್ಲಿ, ಎಲ್ಲರ ಎದುರಿಗೆ, ಹೀಗೇ ನಗುತ್ತಾ ಇಳಿಯುತ್ತಿದ್ದೆ.

ಅವತ್ತೂ ಇವತ್ತೂ
ನಿನ್ನ ಅಮ್ಮನೇ,
ವಿದ್ಯಾವತಿ